ಮೆಕ್ಯಾನಿಕಲ್ ಕೀಬೋರ್ಡ್ ಬೇಕೇ, ಸಾದಾ ಸಾಕೇ? ದುಡ್ಡು ಕೊಡುವ ಮುಂಚೆ ಮಾಡಬೇಕಾದ ಕೆಲಸಗಳು, ಹಂತ ಹಂತವಾಗಿ

ತುಮಕೂರಿನ ಕೋರ್ಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಕ್ರಯಪತ್ರ, ಕರಾರು, ಅಫಿಡವಿಟ್, ಮದುವೆ ಕರೆಯೋಲೆ, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್ ಹೀಗೆ ಬೆಳಗ್ಗೆಯಿಂದ ಸಂಜೆವರೆಗೆ ಟೈಪಿಂಗೇ ನನ್ನ ಕೆಲಸ. ಅಂಗಡಿಯಲ್ಲಿ ಮೆಕ್ಯಾನಿಕಲ್ ಕೀಬೋರ್ಡ್, ಅಂದರೆ ಪ್ರತಿ ಕೀಗೂ ಬೇರೆ ಸ್ವಿಚ್ ಇರುವಂಥದ್ದು, ಇರುವುದನ್ನು ಕಂಡವರು ಸಲಹೆ ಕೇಳುತ್ತಾರೆ. ಆದರೆ ಹೆಚ್ಚಿನವರು ಬರುವುದು ಕೊಂಡಾದ ಮೇಲೆ. ಹೋದ ತಿಂಗಳು ಎಸ್‌ಐಟಿ ಬಡಾವಣೆಯಲ್ಲಿ ರೂಮು ಮಾಡಿಕೊಂಡಿರುವ ಹುಡುಗನೊಬ್ಬ ಡಬ್ಬಿ ಸಮೇತ ತಂದು ಮೇಜಿನ ಮೇಲಿಟ್ಟ. "ಅಣ್ಣಾ, ಮೂರು ಸಾವಿರ ಕೊಟ್ಟೆ. ಕೈ ನೋವು ಹಂಗೇ ಐತೆ. ಸದ್ದಿಗೆ ರೂಮಿನವನು ಬೇರೆ ಬೈತಾನೆ. ವಾಪಸ್ ತಗೊಳ್ಳಲ್ಲ ಅಂತಾರೆ" ಅಂದ.

ಕೀಬೋರ್ಡ್ ಚೆನ್ನಾಗಿಯೇ ಇತ್ತು, ಆರಿಸಿದ ಕ್ರಮ ಮಾತ್ರ ತಲೆಕೆಳಗಾಗಿತ್ತು. ಮೊದಲು ಕೊಂಡು, ಆಮೇಲೆ ಸದ್ದು ಕೇಳಿ, ಕೊನೆಗೆ ತನಗೆ ಬೇಕಿದ್ದದ್ದು ಏನೆಂದು ಯೋಚಿಸಿದ್ದ. ಈ ಕ್ರಮವನ್ನು ತಿರುಗಿಸಿದರೆ ಅರ್ಧಕ್ಕರ್ಧ ಜನರ ದುಡ್ಡು ಉಳಿಯುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ನಿಜವಾಗಿ ಟೈಪ್ ಮಾಡುವವರಿಗೆ ಮೆಕ್ಯಾನಿಕಲ್ ಖಂಡಿತ ಲಾಭ. ಒಂದು ಗಂಟೆಯೊಳಗಿನವರಿಗೆ ಒಳ್ಳೆಯ ಸಾದಾ ಕೀಬೋರ್ಡ್ ಸಾಕು. ನಡುವಿನವರು ಕೆಳಗಿನ ಹಂತಗಳನ್ನು ಒಂದೂ ಬಿಡದೆ ಮಾಡಿ ನೋಡಬೇಕು.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಒಂದು ಅಳತೆ ಟೇಪು, ಗಡಿಯಾರವಿರುವ ಫೋನು, ಈಗಿರುವ ಕೀಬೋರ್ಡು, ಮತ್ತು ನೀವು ದಿನಾ ಟೈಪ್ ಮಾಡುವಂಥದ್ದೇ ಒಂದು ಪುಟ. ಕನ್ನಡದಲ್ಲಿ ಟೈಪ್ ಮಾಡುವವರಾದರೆ ಒತ್ತಕ್ಷರ ತುಂಬಿರುವ ಪುಟವನ್ನೇ ಆರಿಸಿ. ಕೊಂಡ ಮೇಲೆ ಕೀಕ್ಯಾಪ್, ಅಂದರೆ ಕೀಯ ಮೇಲಿನ ಅಕ್ಷರದ ಮುಚ್ಚಳ, ಎಬ್ಬಿಸಲು ತಂತಿಯ ಪುಲ್ಲರ್ ಒಂದು, ಒಂದಿಂಚಿನ ಹೊಸ ಪೇಂಟ್ ಬ್ರಶ್ ಒಂದು ಬೇಕಾಗುತ್ತದೆ. ಪ್ಲಾಸ್ಟಿಕ್ಕಿನ ಉಂಗುರದಂಥ ಪುಲ್ಲರ್ ಕ್ಯಾಪಿನ ಪಕ್ಕಗಳನ್ನು ಗೀರುತ್ತದೆ, ಅದು ಬೇಡ.

## ಹಂತ 1: ನಿಮ್ಮ ಬೆರಳು ದಿನಕ್ಕೆ ಎಷ್ಟು ಸಲ ಒತ್ತುತ್ತದೆ, ಲೆಕ್ಕ ಹಾಕಿ

ಒಂದು ವಾರ, ಟೈಪ್ ಮಾಡಿದ ಹೊತ್ತನ್ನು ಮಾತ್ರ ಬರೆದಿಡಿ. ಕಂಪ್ಯೂಟರ್ ಮುಂದೆ ಕೂತ ಹೊತ್ತು ಬೇರೆ, ಬೆರಳು ಆಡಿದ ಹೊತ್ತು ಬೇರೆ. "ದಿನವಿಡೀ ಟೈಪಿಂಗೇ" ಅನ್ನುವ ಎಷ್ಟೋ ಜನರ ಲೆಕ್ಕ ಒಂದೂವರೆ ಗಂಟೆ ದಾಟುವುದಿಲ್ಲ.

ಸಾದಾ ಕೀಬೋರ್ಡಿನೊಳಗೆ ರಬ್ಬರಿನ ಗುಮ್ಮಟಗಳ ಒಂದು ಹಾಳೆ, ಅದರ ಕೆಳಗೆ ಮೂರು ಪದರದ ತೆಳು ಪ್ಲಾಸ್ಟಿಕ್ ಇರುತ್ತದೆ. ಕೀ ಒತ್ತಿದಾಗ ಗುಮ್ಮಟ ಕುಸಿದು, ಮೇಲಿನ ಪದರ ಕೆಳಗಿನದಕ್ಕೆ ತಾಗಿದರೆ ಅಕ್ಷರ ಮೂಡುತ್ತದೆ. ಇಂಥ ಕೀಗಳ ಬಾಳಿಕೆಯನ್ನು ತಯಾರಕರು ಸಾಮಾನ್ಯವಾಗಿ 50 ಲಕ್ಷದಿಂದ 1 ಕೋಟಿ ಒತ್ತು ಎಂದು ಹೇಳುತ್ತಾರೆ. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ಸ್ಪ್ರಿಂಗ್, ಲೋಹದ ಸಂಪರ್ಕ ಸಹಿತ ಪ್ರತ್ಯೇಕ ಸ್ವಿಚ್. ಅದರ ಬಾಳಿಕೆ 5 ಕೋಟಿಯಿಂದ 10 ಕೋಟಿ.

ಈಗ ಲೆಕ್ಕ. ನಿಮಿಷಕ್ಕೆ 200 ಒತ್ತಿನ ವೇಗದಲ್ಲಿ ಐದು ಗಂಟೆ ಟೈಪ್ ಮಾಡಿದರೆ ದಿನಕ್ಕೆ 60,000 ಒತ್ತು. ಅದರಲ್ಲಿ ಸ್ಪೇಸ್ ಬಾರಿನ ಪಾಲು ಆರನೇ ಒಂದು ಅಂದುಕೊಳ್ಳಿ, 10,000. ವರ್ಷಕ್ಕೆ 300 ದಿನ ಕೆಲಸವಾದರೆ ಸ್ಪೇಸ್ ಬಾರ್ ಒಂದಕ್ಕೇ 30 ಲಕ್ಷ. ಸಾದಾ ಕೀಬೋರ್ಡ್ ಎರಡು ಮೂರು ವರ್ಷಕ್ಕೆ ಸುಸ್ತಾಗುತ್ತದೆ, ಮೆಕ್ಯಾನಿಕಲ್ ಹದಿನಾರು ವರ್ಷ ತಡೆಯಬೇಕು. ಅದೇ ದಿನಕ್ಕೆ ಅರ್ಧ ಗಂಟೆ ಮಾತ್ರ ಟೈಪ್ ಮಾಡುವವರಿಗೆ ಸ್ಪೇಸ್ ಬಾರ್ ದಿನಕ್ಕೆ ಸಾವಿರ ಒತ್ತು, ವರ್ಷಕ್ಕೆ 3 ಲಕ್ಷ. ಆರುನೂರು ರೂಪಾಯಿಯ ಸಾದಾ ಕೀಬೋರ್ಡೇ ಅವರಿಗೆ ಲೆಕ್ಕದ ಪ್ರಕಾರ ಹದಿನೈದು ವರ್ಷ ಬರುತ್ತದೆ. ಬಾಳಿಕೆಯ ಕಾರಣ ಹೇಳಿ ಅಂಥವರಿಗೆ ಯಾರಾದರೂ ಮೆಕ್ಯಾನಿಕಲ್ ಮಾರಲು ಬಂದರೆ ನಂಬಬೇಡಿ.

ಕನ್ನಡದವರಿಗೆ ಇನ್ನೊಂದು ವಿಷಯ. ಕನ್ನಡ ಟೈಪಿಂಗಿನ ತಂತ್ರಾಂಶವಾದ ನುಡಿಯಲ್ಲಿ ಬಳಸುವ ಕಗಪ ಎಂಬ ಕೀ ವಿನ್ಯಾಸದಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀ ಬೇಕು. "ಸ್ಥಿರಾಸ್ತಿ" ಅನ್ನುವ ಒಂದು ಪದಕ್ಕೆ ಎಫ್ ಎರಡು ಸಲ, ಶಿಫ್ಟ್ ಎರಡು ಸಲ. ಕ್ರಯಪತ್ರದಲ್ಲಿ ಈ ಪದ ಎಷ್ಟು ಸಲ ಬರುತ್ತದೋ ಬರೆಸಿದವರಿಗೆ ಗೊತ್ತು. ನನ್ನ ಹಳೆಯ ಸಾದಾ ಕೀಬೋರ್ಡಿನಲ್ಲಿ ಉಳಿದ ಅಕ್ಷರಗಳು ಓದುವಂತಿದ್ದಾಗಲೇ ಎಫ್ ಪೂರ್ತಿ ಅಳಿಸಿಹೋಗಿತ್ತು. ಬೆರಳಿಗೆ ಗುರುತಾಗಿ ಇರುವ ಸಣ್ಣ ಉಬ್ಬು ಕೂಡ ಸವೆದು ನುಣುಪಾಗಿತ್ತು. ಕೊನೆಕೊನೆಗೆ ಎರಡು ಸಲ ಒತ್ತಿದರೆ ಒಂದು ಸಲ ಕೇಳುತ್ತಿತ್ತು, "ಚಕ್ಕುಬಂದಿ" ಎಂದು ಹೊಡೆದರೆ "ಚಕಕುಬಂದಿ" ಬೀಳುತ್ತಿತ್ತು. ಇಂಥ ತಪ್ಪು ದಸ್ತಾವೇಜಿನಲ್ಲಿ ಉಳಿದರೆ ಗಿರಾಕಿ ಮತ್ತೆ ತಿದ್ದಿಸಲು ಓಡಾಡಬೇಕು. ನಾನು ಮೆಕ್ಯಾನಿಕಲ್‌ಗೆ ಹೋದದ್ದು ಈ ಎಫ್ ಕೀ ಕಾರಣಕ್ಕೆ.

## ಹಂತ 2: ದೂರು ಕೀಬೋರ್ಡಿನದೋ, ಮೇಜು ಕುರ್ಚಿಯದೋ

ಕೈ ನೋವಿಗಾಗಿ ಕೊಳ್ಳುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೆಕ್ಯಾನಿಕಲ್ ಕೀಬೋರ್ಡುಗಳು ಬಹುಪಾಲು ಸಾದಾ ಕೀಬೋರ್ಡಿಗಿಂತ ಎತ್ತರ. ಮಣಿಕಟ್ಟು ಮೊದಲೇ ಮೇಲಕ್ಕೆ ಬಾಗಿದ್ದರೆ ಹೊಸದರಲ್ಲಿ ಇನ್ನೂ ಬಾಗುತ್ತದೆ, ನೋವು ಹೆಚ್ಚಾಗುತ್ತದೆ.

ಟೇಪು ತೆಗೆದುಕೊಳ್ಳಿ. ಕುರ್ಚಿಯಲ್ಲಿ ನೇರ ಕೂತು, ತೋಳು ಇಳಿಬಿಟ್ಟು, ಮೊಣಕೈಯನ್ನು ಚೌಕಟ್ಟಿನ ಮೂಲೆಯಂತೆ ಮಡಿಸಿ. ನೆಲದಿಂದ ಮೊಣಕೈಗೆ ಎಷ್ಟು, ನೆಲದಿಂದ ಕೀಬೋರ್ಡಿನ ಮೇಲ್ಮೈಗೆ ಎಷ್ಟು, ಎರಡನ್ನೂ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೇಜು ಎತ್ತರ, ಪ್ಲಾಸ್ಟಿಕ್ ಕುರ್ಚಿ ತಗ್ಗು, ಭುಜ ಕಿವಿಗೆ ಹತ್ತುತ್ತದೆ. ಕುರ್ಚಿಗೆ ಗಟ್ಟಿ ದಿಂಬು ಹಾಕಿ, ಕಾಲು ನೆಲಕ್ಕೆ ಸಿಗದಿದ್ದರೆ ಕೆಳಗೊಂದು ಮಣೆ ಇಡಿ. ಕೀಬೋರ್ಡಿನ ಹಿಂದಿನ ಕಾಲುಗಳನ್ನು ಮಡಿಸಿಬಿಡಿ. ಎರಡು ವಾರ ಹೀಗೆ ಕೆಲಸ ಮಾಡಿ. ನೋವು ಇಳಿದರೆ ನಿಮಗೆ ಹೊಸ ಕೀಬೋರ್ಡ್ ಬೇಕಿರಲಿಲ್ಲ. ಆ ಹುಡುಗನಿಗೂ ನಾನು ಹೇಳಿದ್ದು ಇಷ್ಟೇ. ಅವನು ಮಂಚದ ಮೇಲೆ ಕೂತು, ಸ್ಟೂಲಿನ ಮೇಲೆ ಕೀಬೋರ್ಡ್ ಇಟ್ಟುಕೊಂಡು ಹೊಡೆಯುತ್ತಿದ್ದ.

ಎಚ್ಚರಿಕೆಯ ಗುರುತು: ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು, ರಾತ್ರಿ ಆ ಜೋಮಿಗೆ ಎಚ್ಚರವಾಗುವುದು, ಕೈಯಲ್ಲಿದ್ದ ಲೋಟ ಜಾರುವುದು. ಇವು ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಯಾವ ಸ್ವಿಚ್ಚಿನಿಂದಲೂ ಇದು ವಾಸಿಯಾಗುವುದಿಲ್ಲ, ಕಾದಷ್ಟೂ ನರಕ್ಕೆ ಪೆಟ್ಟು.

## ಹಂತ 3: ಯಾವ ಕೀಗಳು ಇರಲೇಬೇಕು, ಪಟ್ಟಿ ಮಾಡಿ

ಬಣ್ಣ, ದೀಪ ನೋಡುವ ಮೊದಲು ಕೀಗಳನ್ನು ಎಣಿಸಿ. ಪೂರ್ತಿ ಅಳತೆಯದ್ದಕ್ಕೆ 104 ಕೀ. ಬಲಗಡೆಯ ನಂಬರ್ ಪ್ಯಾಡ್ ಇಲ್ಲದ್ದು 87. ಅದಕ್ಕಿಂತ ಚಿಕ್ಕವು 84, 68, 61 ಹೀಗೆ. ಚಿಕ್ಕವು ನೋಡಲು ಬಲು ಮುದ್ದು, ಚಿತ್ರದಲ್ಲಂತೂ ಇನ್ನೂ ಚೆಂದ.

ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಸ್ಕ್ರೋಲ್ ಲಾಕ್ ಒತ್ತಿ ಬದಲಾಯಿಸುವ ಅಭ್ಯಾಸದವರು ಇಲ್ಲಿ ಜೋಪಾನ. 84ರ ಒಳಗಿನ ಹೆಚ್ಚಿನವುಗಳಲ್ಲಿ ಸ್ಕ್ರೋಲ್ ಲಾಕ್ ಕೀಯೇ ಇರುವುದಿಲ್ಲ. ನಾನು ಮೊದಲು ಆನ್‌ಲೈನಿನಲ್ಲಿ ತರಿಸಿದ್ದು 68 ಕೀಗಳದ್ದು. ಮಾರಿದವರ ಪುಟದಲ್ಲಿ ಕೀಗಳ ಪಟ್ಟಿ ಇರಲಿಲ್ಲ, ನಾನೂ ಕೇಳಲಿಲ್ಲ. ಒಂದು ಪತ್ರದಲ್ಲಿ ನಲವತ್ತು ಸಲ ಭಾಷೆ ಬದಲಿಸುವವನಿಗೆ ಪ್ರತಿ ಸಲವೂ ಮೌಸ್ ಹಿಡಿಯಬೇಕಾಯಿತು. ಸರ್ವೆ ನಂಬರು, ಎಕರೆ ಗುಂಟೆ, ಹಣದ ಮೊತ್ತ ಇವನ್ನೆಲ್ಲ ಮೇಲಿನ ಸಾಲಿನ ಅಂಕಿಗಳಲ್ಲೇ ಹೊಡೆಯಬೇಕಾಯಿತು. ಹತ್ತು ದಿನಕ್ಕೆ ಸಾಕಾಗಿ ಅರ್ಧ ಬೆಲೆಗೆ ಬೇರೆಯವರಿಗೆ ಕೊಟ್ಟೆ.

ಹಾಗಾಗಿ ದಸ್ತಾವೇಜು, ಟ್ಯಾಲಿ, ಬಿಲ್ಲಿಂಗ್ ಕೆಲಸದವರು 104 ಬಿಟ್ಟು ಕೆಳಗಿಳಿಯಬೇಡಿ. ಕೋಡ್ ಅಥವಾ ಬರಹ ಮಾತ್ರ ಇದ್ದರೆ 87 ಸಾಕು, ಮೌಸಿಗೂ ಜಾಗ ಸಿಗುತ್ತದೆ. ಕ್ಯಾಪಿನ ಮೇಲೆ ಕನ್ನಡ ಅಕ್ಷರ ಬೇಕೆಂದು ಹುಡುಕುವವರಿಗೆ ಒಂದು ಮಾತು: ಭಾರತೀಯ ಲಿಪಿ ಅಚ್ಚಾಗಿ ಬರುವ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ, ಕಗಪ ಅಲ್ಲ. ಎರಡರಲ್ಲೂ ಅಕ್ಷರಗಳ ಜಾಗ ಬೇರೆ ಬೇರೆ. ತಿಳಿಯದೆ ಕೊಂಡರೆ ಕಣ್ಣಿಗೂ ಬೆರಳಿಗೂ ದಿನಾ ಜಗಳ.

## ಹಂತ 4: ಸ್ವಿಚ್ ಆರಿಸಿ

ಸ್ವಿಚ್ಚುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕೆಂಪು ಸೀದಾ ಇಳಿಯುತ್ತದೆ. ಕಂದು ಬಣ್ಣದ್ದು ನಡುವೆ ಸಣ್ಣದೊಂದು ತಡೆ ಕೊಟ್ಟು, ಅಕ್ಷರ ಬಿತ್ತೆಂದು ಬೆರಳಿಗೆ ತಿಳಿಸುತ್ತದೆ. ನೀಲಿ ಆ ತಡೆಯ ಜೊತೆಗೆ "ಟಕ್" ಎಂದು ಸದ್ದನ್ನೂ ಮಾಡುತ್ತದೆ. ಚೆರ್ರಿ ಕಂಪನಿಯ ಕೆಂಪು ಸ್ವಿಚ್ಚಿಗೆ ಸುಮಾರು 45 ಗ್ರಾಂ ಒತ್ತಡ ಸಾಕು, ಕಂದಿಗೆ 55, ನೀಲಿಗೆ 60. ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದಾದರೂ ಸುಮಾರು 2 ಮಿಲಿಮೀಟರ್ ಇಳಿದಾಗಲೇ ಅಕ್ಷರ ಮೂಡುತ್ತದೆ. ಗೇಟ್ರಾನ್, ಕೈಲ್, ಔಟೆಮು ಮುಂತಾದವರೂ ಇದೇ ಬಣ್ಣದ ಹೆಸರುಗಳನ್ನು ಬಳಸುತ್ತಾರೆ, ಭಾರದಲ್ಲಿ ತುಸು ವ್ಯತ್ಯಾಸ ಇರುತ್ತದೆ.

ಟೈಪ್‌ರೈಟರಿನಲ್ಲಿ ಕಲಿತ ಹಿರಿಯರಿಗೆ ನೀಲಿ ಕೈಗೆ ಹತ್ತುತ್ತದೆ. ಕಚೇರಿಗಳಲ್ಲಿ ಬಹುಕಾಲದಿಂದ ಕಾಣುವ ಟಿವಿಎಸ್ ಗೋಲ್ಡ್ ಕೀಬೋರ್ಡ್ ಈ ಬಗೆಯದೇ. ಕೋರ್ಟ್ ಬೀದಿಯ ಗದ್ದಲದಲ್ಲಿ ಅದರ ಸದ್ದು ಯಾರಿಗೂ ಕೇಳುವುದಿಲ್ಲ. ಆದರೆ ಎರಡು ಕೋಣೆಯ ಮನೆ, ಮಗು ಮಲಗುವ ಹೊತ್ತು, ಪಕ್ಕದಲ್ಲಿ ಪಿಯುಸಿ ಓದುವ ತಂಗಿ ಇರುವ ಕಡೆ ನೀಲಿ ಬೇಡವೇ ಬೇಡ. ಒಂದು ರಾತ್ರಿ ನಾನು ಅಂಗಡಿಯ ನೀಲಿಯನ್ನು ಮನೆಗೆ ಒಯ್ದಿದ್ದೆ. ಬಾಗಿಲು ಹಾಕಿದರೂ ಪಕ್ಕದ ಕೋಣೆಗೆ ಸ್ಪಷ್ಟವಾಗಿ ಕೇಳಿಸಿತು.

ಯಾವುದು ಹೊಂದುತ್ತದೋ ಗೊತ್ತಿಲ್ಲದವರಿಗೆ ನಾನು ಹೇಳುವುದು ಕಂದು. ಬೆರಳು ಹಗುರವಿದ್ದು, ಸುಮ್ಮನೆ ತಾಗಿದರೂ ಅಕ್ಷರ ಬೀಳುತ್ತದೆ ಎಂಬ ದೂರಿದ್ದವರಿಗೆ ಕೆಂಪು ಆಗಿಬರುವುದಿಲ್ಲ. ಆಟದವರಿಗೆಂದೇ ಮಾಡಿದ, 1.2 ಮಿಲಿಮೀಟರಿಗೇ ಅಕ್ಷರ ಮೂಡುವ ಬೆಳ್ಳಿ ಬಣ್ಣದ ಸ್ವಿಚ್ಚನ್ನು ಟೈಪಿಂಗಿಗೆ ಕೊಂಡು ಪಶ್ಚಾತ್ತಾಪ ಪಟ್ಟವರನ್ನು ಕಂಡಿದ್ದೇನೆ.

## ಹಂತ 5: ಕೊಳ್ಳುವ ಮೊದಲು ಹತ್ತು ನಿಮಿಷ ಹೊಡೆದು ನೋಡಿ

ಅತ್ಯಂತ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ಊರಿನಲ್ಲೇ ಯಾರ ಹತ್ತಿರವಾದರೂ ಇರುತ್ತದೆ, ವಿಚಾರಿಸಿ. ನನ್ನ ಅಂಗಡಿಗೆ ಬಂದರೂ ಕೂರಿಸುತ್ತೇನೆ. ಇಲ್ಲವಾದರೆ ಒಂದು ದಿನ ರೈಲಿಗೆ ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕೈಯಾಡಿಸಿ ಬನ್ನಿ. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್, ಖರ್ಚು ಕಡಿಮೆ.

ಅಂಗಡಿಯಲ್ಲಿ ನಿಂತುಕೊಂಡು ನಾಲ್ಕು ಕೀ ಒತ್ತಿದರೆ ಏನೂ ತಿಳಿಯುವುದಿಲ್ಲ. ಕೂತು, ನಿಮ್ಮ ಪುಟವನ್ನೇ ಹತ್ತು ನಿಮಿಷ ಹೊಡೆಯಿರಿ. ಮೊದಲ ಮೂರು ನಿಮಿಷ ಎಲ್ಲವೂ ಹಿತವಾಗಿಯೇ ಇರುತ್ತದೆ, ನಿಜ ತಿಳಿಯುವುದು ಏಳನೇ ನಿಮಿಷದ ಮೇಲೆ. ಕಿರುಬೆರಳನ್ನು ಗಮನಿಸಿ. ಮಹಾಪ್ರಾಣ, ದೀರ್ಘ ಎಂದು ಕನ್ನಡದಲ್ಲಿ ಶಿಫ್ಟ್ ಬಳಕೆ ಹೆಚ್ಚು. ಭಾರದ ಸ್ವಿಚ್ಚಾದರೆ ಮೊದಲು ಸೋಲುವುದು ಕಿರುಬೆರಳೇ.

## ಹಂತ 6: ಮೆಕ್ಯಾನಿಕಲ್ ಹೆಸರಿನ ಸಾದಾ ಕೀಬೋರ್ಡ್ ಗುರುತಿಸಿ

"ಮೆಕ್ಯಾನಿಕಲ್ ಫೀಲ್", "ಸೆಮಿ ಮೆಕ್ಯಾನಿಕಲ್" ಎಂದು ಬಣ್ಣದ ದೀಪ ಹಾಕಿ ಮಾರುವುದರ ಒಳಗಿರುವುದು ಅದೇ ರಬ್ಬರ್ ಹಾಳೆ. ವಿವರದಲ್ಲಿ ಸ್ವಿಚ್ಚಿನ ಕಂಪನಿ, ಬಣ್ಣ ಎರಡೂ ಬರೆದಿರಬೇಕು. ಕೈಗೆ ಸಿಕ್ಕಾಗ ಒಂದು ಕ್ಯಾಪ್ ಎಬ್ಬಿಸಿ ನೋಡಿ. ಕೀಗೊಂದರಂತೆ ಪ್ರತ್ಯೇಕ ಚೌಕ ಡಬ್ಬಿ, ನಡುವೆ ಅಧಿಕ (+) ಚಿಹ್ನೆಯ ಆಕಾರದ ಬಣ್ಣದ ಕಾಂಡ ಕಾಣಬೇಕು. ಕಾಂಡ ಮಾತ್ರ ನೋಡಿ ಮೋಸಹೋಗಬೇಡಿ. ಕೆಲವು ಸಾದಾ ಕೀಬೋರ್ಡುಗಳೂ ಅದೇ ಆಕಾರದ ಕಾಂಡ ಇಟ್ಟಿರುತ್ತವೆ, ಡಬ್ಬಿ ಇದೆಯೇ ಎಂಬುದೇ ಪರೀಕ್ಷೆ.

ಇನ್ನೆರಡು ಅಂಶ ವಿಚಾರಿಸಿ. ಒಂದು, ಕ್ಯಾಪ್ ಪಿಬಿಟಿ ಪ್ಲಾಸ್ಟಿಕ್ಕಿನದೋ ಎಬಿಎಸ್‌ನದೋ. ಎಬಿಎಸ್ ಬೇಗ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಎರಡು, ಹಾಟ್‌ಸ್ವಾಪ್ ಇದೆಯೇ, ಅಂದರೆ ಬೆಸುಗೆ ಬಿಚ್ಚದೆ ಸ್ವಿಚ್ ಕಿತ್ತು ಹಾಕಬಹುದೇ. ದಿನವಿಡೀ ಟೈಪ್ ಮಾಡುವವರಿಗೆ ದೀಪಕ್ಕಿಂತ, ವೈರ್‌ಲೆಸ್‌ಗಿಂತ ಇದು ಎಷ್ಟೋ ಮುಖ್ಯ. ಅಗ್ಗದ ಕೆಲವು ಹಾಟ್‌ಸ್ವಾಪ್ ಬೋರ್ಡುಗಳು ಔಟೆಮುವಿನ ತೆಳು ಪಿನ್ನಿನ ಸ್ವಿಚ್ ಬಿಟ್ಟು ಬೇರೆ ತೆಗೆದುಕೊಳ್ಳುವುದಿಲ್ಲ, ಕೇಳಿಯೇ ಕೊಳ್ಳಿ. ಕೇಬಲ್ ಬಿಚ್ಚಿ ಹಾಕುವಂತಿದ್ದರೆ ಒಳ್ಳೆಯದು. ಹಳೆಯ ಮಳಿಗೆಗಳಲ್ಲಿ ಇಲಿ ಕಡಿದರೆ ಕೇಬಲ್ ಮಾತ್ರ ಬದಲಿಸಬಹುದು.

## ಹಂತ 7: ಬಂದ ದಿನವೇ ಪರೀಕ್ಷೆ ಮಾಡಿ

ಡಬ್ಬಿ ಒಡೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ, ಬಿಲ್ಲು ಜೋಪಾನವಾಗಿಡಿ. ವಾಪಸಿನ ಅವಧಿ ಸಾಮಾನ್ಯವಾಗಿ ವಾರ ಹತ್ತು ದಿನವಷ್ಟೇ. ಮುಂದಿನ ಭಾನುವಾರ ನೋಡೋಣ ಎಂದು ಇಟ್ಟವರೇ ಆಮೇಲೆ ಪೇಚಾಡುವುದು.

ನೋಟ್‌ಪ್ಯಾಡ್ ತೆರೆಯಿರಿ. ಪ್ರತಿ ಅಕ್ಷರವನ್ನೂ ನಿಧಾನವಾಗಿ ಮೂವತ್ತು ಸಲ ಒತ್ತಿ. ಒಂದು ಒತ್ತಿಗೆ ಎರಡು ಅಕ್ಷರ ಬಿದ್ದರೆ ಆ ಸ್ವಿಚ್ಚಿನ ಸಂಪರ್ಕ ಅದುರುತ್ತಿದೆ ಎಂದರ್ಥ. ಮೆಕ್ಯಾನಿಕಲ್‌ಗಳ ಸಾಮಾನ್ಯ ರೋಗ ಇದು, ಹೊಸದರಲ್ಲಿ ಒಂದೇ ಕೀಯಲ್ಲಿ ಕಂಡರೂ ವಾಪಸ್ ಕಳಿಸಿ. ಆಮೇಲೆ ಎರಡೂ ಶಿಫ್ಟ್ ಒತ್ತಿ ಹಿಡಿದು ಇಂಗ್ಲಿಷಿನ ಎ ಇಂದ ಝಡ್‌ವರೆಗೆ ಹೊಡೆಯಿರಿ. ಅಗ್ಗದ ಸಾದಾ ಕೀಬೋರ್ಡಿನಲ್ಲಿ ಕೆಲವು ಅಕ್ಷರ ಬೀಳುವುದೇ ಇಲ್ಲ. ಒಳ್ಳೆಯ ಮೆಕ್ಯಾನಿಕಲ್‌ನಲ್ಲಿ ಇಪ್ಪತ್ತಾರೂ ಬೀಳಬೇಕು. ಸ್ಪೇಸ್ ಬಾರನ್ನು ಎಡತುದಿಯಲ್ಲಿ, ನಡುವೆ, ಬಲತುದಿಯಲ್ಲಿ ಒತ್ತಿ ನೋಡಿ. ಒಂದು ತುದಿ ಸಿಕ್ಕಿಹಾಕಿಕೊಂಡರೆ, ಬಾರನ್ನು ಎರಡೂ ಕಡೆ ಸಮನಾಗಿ ಇಳಿಸುವ ಒಳಗಿನ ತಂತಿ ಸರಿಯಾಗಿ ಕೂತಿಲ್ಲ.

## ಹಂತ 8: ಮೊದಲ ಎರಡು ವಾರ ಬೆರಳಿಗೆ ಪಾಠ

ಸಾದಾ ಕೀಬೋರ್ಡಿನಲ್ಲಿ ಕೀ ಹೆಚ್ಚುಕಡಿಮೆ ತಳ ಮುಟ್ಟಿದರೇ ಅಕ್ಷರ. ಆ ಅಭ್ಯಾಸದಲ್ಲಿ ಮೆಕ್ಯಾನಿಕಲ್ಲನ್ನೂ ಗುದ್ದಿದರೆ ಬೆರಳ ತುದಿ ಉರಿಯುತ್ತದೆ. ರಬ್ಬರ್ ಇರುವ ಕಡೆ ಮೆತ್ತಗಿತ್ತು, ಇಲ್ಲಿ ತಳ ಗಟ್ಟಿ. ದಿನಕ್ಕೆ ಹದಿನೈದು ನಿಮಿಷ ಬೇಕೆಂದೇ ನಿಧಾನವಾಗಿ, ತಡೆ ಸಿಕ್ಕ ಕೂಡಲೇ ಬೆರಳು ಎತ್ತುವುದನ್ನು ಕಲಿಯಿರಿ. ಮೊದಲ ನಾಲ್ಕೈದು ದಿನ ತಪ್ಪು ಜಾಸ್ತಿ ಆಗುತ್ತದೆ, ವೇಗ ಇಳಿಯುತ್ತದೆ. ಆ ವಾರ ತುರ್ತಿನ ಕೆಲಸಕ್ಕೆ ಹಳೆಯದನ್ನೇ ಬಳಸಿ, ಎಸೆಯಬೇಡಿ.

ಮಣಿಕಟ್ಟಿನ ಮುಂದೆ ಕೀಬೋರ್ಡಿನ ಅಂಚಿನಷ್ಟೇ ಎತ್ತರದ ಮರದ ಪಟ್ಟಿ ಇಡಿ. ಬಡಗಿಯ ಹತ್ತಿರ ನಯ ಮಾಡಿಸಿಕೊಂಡರೆ ಸಾಕು. ಅಂಗೈ ಅದರ ಮೇಲಿರಬೇಕಾದ್ದು ವಿಶ್ರಾಂತಿಯಲ್ಲಿ ಮಾತ್ರ, ಹೊಡೆಯುವಾಗ ಕೈ ತೇಲುತ್ತಿರಲಿ. ಎರಡು ವಾರ ಕಳೆದರೂ ಹಳೆಯ ವೇಗಕ್ಕೆ ಬರದಿದ್ದರೆ ಸ್ವಿಚ್ ನಿಮಗೆ ಹೊಂದಿಲ್ಲ. ಹಾಟ್‌ಸ್ವಾಪ್ ಇದ್ದರೆ ಸ್ವಿಚ್ ಮಾತ್ರ ಬದಲಿಸಿ.

## ಹಂತ 9: ಧೂಳು, ಟೀ, ಸವೆತ

ಬಿ.ಎಚ್. ರಸ್ತೆಯ ಕಡೆಗೆ ಬಾಗಿಲಿರುವ ಅಂಗಡಿಯಲ್ಲಿ ಸಂಜೆಗೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ರಾತ್ರಿ ಒಂದು ಬಟ್ಟೆ ಹೊದಿಸಿ. ತಿಂಗಳಿಗೊಮ್ಮೆ ಕೇಬಲ್ ಕಿತ್ತು, ಬೋರಲು ಹಿಡಿದು ತಟ್ಟಿ, ಬ್ರಶ್ ಆಡಿಸಿ. ಆರು ತಿಂಗಳಿಗೊಮ್ಮೆ ಕ್ಯಾಪ್ ತೆಗೆದು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಂದು ರಾತ್ರಿ ಒಣಗಿಸಿ. ತೆಗೆಯುವ ಮೊದಲು ಫೋಟೋ ತೆಗೆದಿಡಿ. ಸ್ಪೇಸ್, ಎಂಟರ್, ಶಿಫ್ಟ್ ಕ್ಯಾಪುಗಳಿಗೆ ಕೆಳಗೆ ತಂತಿ ಇರುತ್ತದೆ, ಎರಡೂ ಕಡೆ ಸಮನಾಗಿ ಎತ್ತಿ.

ಟೀ ಚೆಲ್ಲಿದರೆ ಮೊದಲು ಕೇಬಲ್ ಕೀಳಿ, ಆಮೇಲೆ ಬೋರಲು ಹಾಕಿ. ಮೆಕ್ಯಾನಿಕಲ್ ಅಂದಮಾತ್ರಕ್ಕೆ ನೀರು ತಡೆಯುವುದಿಲ್ಲ, ಎಷ್ಟೋ ಸಾದಾ ಕೀಬೋರ್ಡುಗಳಿಗೆ ಇರುವ ನೀರಿಳಿಯುವ ತೂತು ಕೂಡ ಇದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಸಕ್ಕರೆ ಉಳಿದರೆ ಕೀ ಅಂಟುತ್ತದೆ, ಇರುವೆಯೂ ಬರುತ್ತದೆ. ಸಕ್ಕರೆ ಸೇರಿದ ಸ್ವಿಚ್ಚನ್ನು ಕಿತ್ತು ಬದಲಿಸುವುದೇ ಸುಲಭ. ಬಿಸಿಗಾಳಿಯ ಡ್ರೈಯರ್ ಹಿಡಿಯಬೇಡಿ, ಕ್ಯಾಪು ಸೊಟ್ಟಗಾಗುತ್ತದೆ.

ವರ್ಷಗಳ ಮೇಲೆ ಒಂದು ಕೀ ಎರಡೆರಡು ಅಕ್ಷರ ಹೊಡೆಯತೊಡಗಿದರೆ ಗಾಬರಿ ಬೇಡ. ನನ್ನಲ್ಲಿ ಮೊದಲು ಹಾಗಾದದ್ದು ಎಫ್. ಹಾಟ್‌ಸ್ವಾಪ್ ಬೋರ್ಡು, ಕೈಯಲ್ಲಿ ಹೊಸ ಸ್ವಿಚ್ ಇರಲಿಲ್ಲ, ಹೊರಗೆ ಕಕ್ಷಿದಾರರು ಕಾಯುತ್ತಿದ್ದರು. ಕೇಬಲ್ ಕಿತ್ತೆ. ನಾನು ಎಂದೂ ಮುಟ್ಟದ ಪಾಸ್ (Pause) ಕೀಯ ಸ್ವಿಚ್ಚನ್ನು ಕಿತ್ತು, ಎರಡೂ ಪಿನ್ನು ನೆಟ್ಟಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಎಫ್ ಜಾಗದಲ್ಲಿ ನೇರವಾಗಿ ಒತ್ತಿದೆ. ಎಫ್‌ನದನ್ನು ಪಾಸ್ ಜಾಗಕ್ಕೆ ಹಾಕಿದೆ. ಪಿನ್ನು ಸೊಟ್ಟಗಿದ್ದಾಗ ಬಲವಂತ ಮಾಡಿದರೆ ಕೆಳಗಿನ ಸಾಕೆಟ್ಟೇ ಕಿತ್ತುಬರುತ್ತದೆ, ಅದೊಂದೇ ನೋಡಿಕೊಳ್ಳಬೇಕಾದ್ದು. ಎಲ್ಲ ಸೇರಿ ಐದು ನಿಮಿಷ ಆಗಿರಬಹುದು. ಕೇಬಲ್ ಹಾಕಿ "ಚಕ್ಕುಬಂದಿ" ಎಂದು ಹೊಡೆದೆ, ಒತ್ತಕ್ಷರ ಸರಿಯಾಗಿ ಕೂತಿತು.